ಸಾಲು ಉದ್ದ ಆಯ್ತು

ಹಿಂಜವಡಿಯ ಆಫೀಸಿನಲ್ಲಿ ನನ್ನ ಟೇಬಲ್ ಮೇಲೆ ಒಂದು ಸತ್ತ ಟ್ಯಾಬ್ಲೆಟ್ ಇದೆ. ಸ್ಕ್ರೀನ್ ಒಡೆದಿದೆ, ಹಿಂದಿನ ಕವರ್ ಇಲ್ಲ. ಪಕ್ಕದ ನಾಲ್ಕು ಬಟನ್ ಮಾತ್ರ ಗಟ್ಟಿಯಾಗಿವೆ: ಪವರ್, ವಾಲ್ಯೂಮ್ ಎರಡು, ಬಾರ್‌ಕೋಡ್ ಸ್ಕ್ಯಾನ್‌ಗೆ ಇನ್ನೊಂದು. ಗುಜರಿಗೆ ಹೊರಟಿದ್ದನ್ನು ನಾನೇ ಕೇಳಿ ಇಟ್ಟುಕೊಂಡೆ.

ನಾನು ಧಾರವಾಡದವನು. ಪುಣೆಗೆ ಬಂದು ಹನ್ನೊಂದು ವರ್ಷ ಆಯ್ತು. ಲಿನಕ್ಸ್ ಕರ್ನಲ್ ಡ್ರೈವರ್ ಬರೆಯುವುದು, ಬೇರೆಯವರು ಬರೆದದ್ದನ್ನು ರಿವ್ಯೂ ಮಾಡುವುದು ನನ್ನ ಕೆಲಸ. ಕರ್ನಲ್ ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಡ್ರೈವರ್ ಅಂದರೆ ಒಂದೊಂದು ಹಾರ್ಡ್‌ವೇರ್ ತುಣುಕನ್ನು ನಡೆಸುವ ಕೋಡ್. ನಮ್ಮ ಟೀಮಿನಲ್ಲಿ ಕನ್ನಡದವರು ಮೂರೇ ಜನ. ನಾನು, ವಿಜಯಪುರದಿಂದ ಬಂದ ಒಬ್ಬ ಹುಡುಗಿ, ಮತ್ತೆ ಟೆಸ್ಟ್ ಬೆಂಚ್ ನೋಡಿಕೊಳ್ಳುವ ನಿಪ್ಪಾಣಿಯ ಕಾಕಾ. ಕಾಕಾ ಮರಾಠಿಯಲ್ಲಿ ಮಾತು ಶುರು ಮಾಡಿ ಕನ್ನಡದಲ್ಲಿ ಮುಗಿಸುತ್ತಾರೆ. ಸಿಟ್ಟು ಬಂದರೆ ಪೂರ್ತಿ ಕನ್ನಡ.

ಹೋದ ಮಳೆಗಾಲದಲ್ಲಿ ಗೋದಾಮಿನವರಿಗಾಗಿ ಒಂದು ಟ್ಯಾಬ್ಲೆಟ್ ಮಾಡುತ್ತಿದ್ದೆವು. ಬಟನ್‌ಗಳ ಡ್ರೈವರ್ ಆ ಹುಡುಗಿಗೆ ಹೋಯಿತು. ಕರ್ನಲ್‌ನಲ್ಲಿ ಅದು ಅವಳ ಮೊದಲನೇ ಕೆಲಸ. 240 ಸಾಲು ಬರೆದು ಕಳಿಸಿದಳು. ಆವತ್ತು ಮಳೆ ಬೇರೆ. ಶಿವಾಜಿ ಚೌಕ್ ದಾಟಿ ವಾಕಡ್ ಮುಟ್ಟುವಷ್ಟರಲ್ಲಿ ಒಂದೂವರೆ ತಾಸು ಹೋಗಿತ್ತು. ಊಟ ಮಾಡಿ, ಲ್ಯಾಪ್‌ಟಾಪ್ ತೆಗೆದು ಕೂತೆ. ರಾತ್ರಿ ಹನ್ನೆರಡಕ್ಕೆ 31 ಕಾಮೆಂಟ್ ಬರೆದು ಮುಗಿಸಿದೆ. ಹೆಮ್ಮೆಯೂ ಆಯ್ತು, ಸುಳ್ಳು ಯಾಕೆ ಹೇಳಲಿ.

ಏನು ಬರೆದಿದ್ದೆ ಅಂತೀರಿ? ಇಲ್ಲಿ ಟ್ಯಾಬ್ ಬದಲು ಸ್ಪೇಸ್ ಬಂದಿದೆ. ಈ ವೇರಿಯಬಲ್ ಹೆಸರು ಚೆನ್ನಾಗಿಲ್ಲ. ಕಾಮೆಂಟಿನಲ್ಲಿ ಸ್ಪೆಲಿಂಗ್ ತಪ್ಪು. ಈ ಸಾಲು ಉದ್ದ ಆಯ್ತು, ಎರಡು ಮಾಡು. ಎಲ್ಲಾ ಇಂಥವೇ. ಅವಳು ಪಾಪ ಒಂದೊಂದನ್ನೂ ಸರಿ ಮಾಡಿ ಮತ್ತೆ ಕಳಿಸಿದಳು. ಮೂರನೇ ಸಲಕ್ಕೆ ನಾನು ರಿವ್ಯೂಡ್-ಬೈ ಅಂತ ನನ್ನ ಹೆಸರು ಹಾಕಿದೆ. ಕರ್ನಲ್ ಜಗತ್ತಿನಲ್ಲಿ ಅದು ಸುಮ್ನೆ ಹಾಕುವ ಸಹಿ ಅಲ್ಲ. ಕೋಡನ್ನು ತಾಂತ್ರಿಕವಾಗಿ ಪರೀಕ್ಷೆ ಮಾಡಿದ್ದೇನೆ, ಒಳಗೆ ಸೇರಿಸಲು ಅಡ್ಡಿಯಿಲ್ಲ ಅಂತ ಹೇಳಿದ ಹಾಗೆ.

ಮೂರು ವಾರ ಬಿಟ್ಟು ಟ್ಯಾಬ್ಲೆಟ್‌ನ ಅಸಲಿ ಬೋರ್ಡ್ ಬಂತು. ಮಾರನೇ ದಿನ ಬೆಳಿಗ್ಗೆಯೇ ಕಾಕಾ ಕೂಗಿದರು.

"ಸಾಹೇಬ್ರ, ಇದು ಮಲಗವಲ್ದು. ಮಲಗಸ್ತೀನಿ, ಮತ್ತ ಎದ್ದ ಕುಂಡ್ರತೈತಿ."

ಪವರ್ ಬಟನ್ ಒತ್ತಿದರೆ ಸ್ಕ್ರೀನ್ ಆರುತ್ತಿತ್ತು, ಬೆರಳು ತೆಗೆದ ಕೂಡಲೇ ಮತ್ತೆ ಹತ್ತುತ್ತಿತ್ತು. ಪ್ರತಿ ಸಲ ಅಲ್ಲ. ಏಳೆಂಟು ಸಲಕ್ಕೊಮ್ಮೆ. ಇವ್‌ಟೆಸ್ಟ್ ಹಾಕಿ ನೋಡಿದೆವು, ಬಟನ್ ಬಗ್ಗೆ ಕರ್ನಲ್ ಏನು ಹೇಳುತ್ತಿದೆ ಅಂತ ತೋರಿಸುವ ಪ್ರೋಗ್ರಾಂ ಅದು. ಲಿನಕ್ಸ್‌ನಲ್ಲಿ ಪವರ್ ಬಟನ್ನಿನ ಸಂಖ್ಯೆ 116. ಒತ್ತಿದಾಗ ಬೆಲೆ 1, ಬಿಟ್ಟಾಗ 0. ಕಾಕಾ ಒಂದೇ ಸಲ ಒತ್ತಿ ಬಿಟ್ಟರು. ಪರದೆಯ ಮೇಲೆ ಬಂದದ್ದು 1, 0, 1, 0. ಮೊದಲ 1ಕ್ಕೂ 0ಕ್ಕೂ ನಡುವೆ ಬೇಕಾದಷ್ಟು ಹೊತ್ತು. ಆಮೇಲಿನ 1, 0 ಎರಡೂ ಬಂದದ್ದು ಮೂರೇ ಮಿಲಿಸೆಕೆಂಡ್ ಒಳಗೆ. ಒಂದು ಒತ್ತಿಗೆ ಮಲಗು, ಎರಡನೇ ಒತ್ತಿಗೆ ಏಳು. ಟ್ಯಾಬ್ಲೆಟ್ ಹೇಳಿದ್ದನ್ನೇ ಕೇಳುತ್ತಿತ್ತು.

ಸ್ಟೀಲ್ ತಟ್ಟೆ ಕೈಜಾರಿ ಬಿದ್ದರೆ ಒಂದೇ ಸಲ ಠಣ್ ಅಂದು ಸುಮ್ಮನಾಗುತ್ತದಾ? ಇಲ್ಲ ಅಲ್ವಾ. ಬಟನ್ ಒಳಗಿನ ತಗಡೂ ಹಾಗೇ. ಒತ್ತಿದಾಗಲೂ ಬಿಟ್ಟಾಗಲೂ ಒಂದಿಷ್ಟು ಕುಣಿದೇ ನಿಲ್ಲುವುದು. ಆ ಕುಣಿತವನ್ನು ಲೆಕ್ಕಕ್ಕೆ ಹಿಡಿಯದೆ ಬಿಡುವುದಕ್ಕೆ ಡಿಬೌನ್ಸ್ ಅನ್ನುತ್ತೇವೆ. ಅವಳು ಅದನ್ನು ಮರೆತಿರಲಿಲ್ಲ. ಪಿನ್‌ಗೆ, ಅಂದರೆ ಬಟನ್ ಬಂದು ಸೇರುವ ಚಿಪ್‌ನ ಕಾಲಿಗೆ, 20 ಮಿಲಿಸೆಕೆಂಡ್ ಡಿಬೌನ್ಸ್ ಬೇಕು ಅಂತ ಒಂದು ಸಾಲಿನಲ್ಲಿ ಕೇಳಿದ್ದಳು. ಮೊದಲು ಟೆಸ್ಟ್ ಮಾಡಿದ ಡೆವಲಪ್‌ಮೆಂಟ್ ಬೋರ್ಡಿನಲ್ಲಿ ಬಟನ್ ನೇರವಾಗಿ ದೊಡ್ಡ ಚಿಪ್‌ಗೇ ಹೋಗುತ್ತಿತ್ತು. ಆ ಚಿಪ್‌ನಲ್ಲಿ ಡಿಬೌನ್ಸ್ ಸರ್ಕ್ಯೂಟ್ ಇತ್ತು, ಅಲ್ಲಿ ಎಲ್ಲಾ ಚೆನ್ನಾಗಿ ನಡೆಯಿತು. ಟ್ಯಾಬ್ಲೆಟ್‌ನಲ್ಲಿ ಪಿನ್ ಸಾಲದೆ ಹಾರ್ಡ್‌ವೇರ್‌ನವರು ನಾಲ್ಕೂ ಬಟನ್‌ಗಳನ್ನು ಚಿಪ್‌ಗಳು ಮಾತಾಡಿಕೊಳ್ಳುವ ಐ-ಟು-ಸಿ ತಂತಿಯ ಮೇಲಿನ, ಹೆಚ್ಚಿನ ಪಿನ್ ಕೊಡುವ ಒಂದು ಸಣ್ಣ ಎಕ್ಸ್‌ಪ್ಯಾಂಡರ್ ಚಿಪ್‌ಗೆ ಕಟ್ಟಿದ್ದರು. ಅದಕ್ಕೆ ಡಿಬೌನ್ಸ್ ಗೊತ್ತೇ ಇಲ್ಲ. ಕೇಳಿದರೆ ಅದರ ಪರವಾಗಿ ಕರ್ನಲ್ "ನನ್ನ ಕೈಲಿ ಆಗಲ್ಲ" ಅಂತ ಒಂದು ನೆಗೆಟಿವ್ ನಂಬರ್ ವಾಪಸ್ ಕೊಡುತ್ತದೆ. ಆ ನಂಬರನ್ನು ನಮ್ಮ ಕೋಡ್ ನೋಡುತ್ತಲೇ ಇರಲಿಲ್ಲ.

ಹಳೇ ರಿವ್ಯೂ ತೆಗೆದು ಆ ಸಾಲು ಹುಡುಕಿದೆ. ಕೆಳಗೆ ನನ್ನದೇ ಕಾಮೆಂಟ್ ಇತ್ತು: "ಈ ಸಾಲು ಉದ್ದ ಆಯ್ತು, ಎರಡು ಮಾಡು." ಅವಳು ಅಂದವಾಗಿ ಎರಡು ಮಾಡಿದ್ದಳು.

ಇನ್ನೊಂದು ಹೇಳಿಬಿಡುತ್ತೇನೆ. ಆ ಸಾಲು ಇದ್ದದ್ದು 92 ಅಕ್ಷರ. ಸಾಲಿಗೆ 80 ಅಕ್ಷರ ಅನ್ನೋ ಹಳೇ ಕಟ್ಟು ಸಡಿಲಾಗಿ, ಕೋಡ್ ಬರೆದ ರೀತಿ ತಪಾಸಣೆ ಮಾಡುವ ಕರ್ನಲ್‌ನ ಚೆಕ್‌ಪ್ಯಾಚ್ ಸ್ಕ್ರಿಪ್ಟ್ 2020ರಿಂದ 100ರವರೆಗೆ ಸುಮ್ಮನಿರುತ್ತದೆ. ಸ್ಕ್ರಿಪ್ಟೇ ಬಿಟ್ಟದ್ದನ್ನು ನಾನು ಹಿಡಿದಿದ್ದೆ.

"ಸಾಹೇಬ್ರ, ನೀವು ಒಮ್ಮೆರೆ ಬಟನ್ ಒತ್ತಿ ನೋಡಿದ್ರೇನ್ರಿ?" ಕಾಕಾ ಕೇಳಿದರು.

ನೋಡಿರಲಿಲ್ಲ. ಡೆವಲಪ್‌ಮೆಂಟ್ ಬೋರ್ಡ್ ನನ್ನ ಹಿಂದಿನ ಕಪಾಟಿನಲ್ಲೇ ಇತ್ತು. ಅದರಲ್ಲಿ ಒತ್ತಿದ್ದರೂ ಈ ತಪ್ಪು ಸಿಗುತ್ತಿರಲಿಲ್ಲ ಅನ್ನಿ. ಆದರೆ ಬೆರಳು ಬಟನ್ ಮೇಲಿದ್ದಿದ್ದರೆ, ಬಿಟ್ಟಾಗ ಏನಾಗುತ್ತೆ, ಈ ಡಿಬೌನ್ಸ್ ಮಾಡೋದು ಯಾರು ಅಂತಲಾದರೂ ತಲೆಗೆ ಬರುತ್ತಿತ್ತು. ನಾನು ನೋಡಿದ್ದು ಅಕ್ಷರಗಳನ್ನು ಮಾತ್ರ.

ಸರಿ ಮಾಡಲು ಕೂತಾಗ ಇನ್ನೂ ದೊಡ್ಡದು ಹೊರಗೆ ಬಂತು. ಕರ್ನಲ್‌ನಲ್ಲಿ ಇಂಥ ಬಟನ್‌ಗಳಿಗಾಗಿಯೇ ಜಿಪಿಐಒ-ಕೀಸ್ ಅಂತ ಡ್ರೈವರ್ ಎಷ್ಟೋ ವರ್ಷಗಳಿಂದ ಇದೆ. ಚಿಪ್ ಡಿಬೌನ್ಸ್ ಮಾಡಲ್ಲ ಅಂದರೆ ಅದು ತಾನೇ ಟೈಮರ್ ಇಟ್ಟುಕೊಳ್ಳುತ್ತದೆ. ಸಿಗ್ನಲ್ ಅಲುಗಾಡಿದಾಗಲೆಲ್ಲ ಟೈಮರ್ ಮೊದಲಿಂದ ಶುರು, ಎಲ್ಲಾ ತಣ್ಣಗಾದ ಮೇಲೆಯೇ ಬಟನ್ ಓದುವುದು. ಐ-ಟು-ಸಿ ಹಿಂದಿರುವ ಪಿನ್ ಓದುವುದೂ ಗೊತ್ತು, ಬಟನ್ನಿಂದ ನಿದ್ದೆ ಎಬ್ಬಿಸುವುದೂ ಗೊತ್ತು. ನಮ್ಮ 240 ಸಾಲು ಬೇಕೇ ಇರಲಿಲ್ಲ!

"ತಂಗಿ, ಇದನ್ನ ಯಾಕ ಬರದಿ? ಜಿಪಿಐಒ-ಕೀಸ್ ಇತ್ತಲ್ಲ?" ಅಂದೆ. ನಮ್ಮ ಕಡೆಯ ಹುಡುಗಿ ಅಂತ ಅವಳಿಗೆ ತಂಗಿ ಅನ್ನುವುದೇ ರೂಢಿ.

"ಅಣ್ಣಾ, ಟಿಕೆಟ್‌ನ್ಯಾಗ ಹೊಸಾ ಡ್ರೈವರ್ ಬರೀಬೇಕು ಅಂತ ಇತ್ತಲ್ರಿ."

ಟಿಕೆಟ್ ಅಂದರೆ ನಮ್ಮಲ್ಲಿ ಕೆಲಸ ಒಪ್ಪಿಸುವ ಚೀಟಿ. ತೆಗೆದು ನೋಡಿದೆ. ಬರೆದವನು ನಾನೇ. ಕಾಕಾ ಪಕ್ಕದಲ್ಲೇ ಚುರಮುರಿ ತಿನ್ನುತ್ತಾ ನಿಂತಿದ್ದರು. ಏನೂ ಅನ್ನಲಿಲ್ಲ, ಪೊಟ್ಟಣ ನನ್ನ ಕಡೆ ಚಾಚಿದರು.

ಅವಳು ಆ ಫೈಲನ್ನೇ ಅಳಿಸುವ ಪ್ಯಾಚ್, ಅಂದರೆ ಕೋಡಿನ ಬದಲಾವಣೆ, ಕಳಿಸಿದಳು. ಬದಲಿಗೆ, ಬೋರ್ಡಿನಲ್ಲಿ ಏನೇನಿದೆ ಅಂತ ಕರ್ನಲ್‌ಗೆ ಹೇಳುವ ಡಿವೈಸ್ ಟ್ರೀಯಲ್ಲಿ ಮೂವತ್ತು ಚಿಲ್ಲರೆ ಸಾಲು. ಬಟನ್ನಿಗೊಂದು ಹೆಸರು, ಪಿನ್, ಸಂಖ್ಯೆ, ಡಿಬೌನ್ಸ್ ಹೊತ್ತು. ಪವರ್ ಬಟನ್ನಿಗೆ ಮಾತ್ರ ಇದು ನಿದ್ದೆಯಿಂದ ಎಬ್ಬಿಸುತ್ತದೆ ಅಂತ ಒಂದು ಸಾಲು ಜಾಸ್ತಿ. ಡಿಬೌನ್ಸ್ ಜಾಗದಲ್ಲಿ 20 ಅಂತ ಇತ್ತು. ನಾನು ಎಲ್ಲಿ ಬಿಡುತ್ತೇನೆ? "ಇದು 20000 ಆಗಬೇಕು" ಅಂತ ಬರೆದೆ. ಹಳೇ ಕೋಡಿನಲ್ಲಿ ಹಾಗೇ ಇತ್ತಲ್ಲ. ಹತ್ತೇ ನಿಮಿಷಕ್ಕೆ ಉತ್ತರ ಬಂತು. ಫಂಕ್ಷನ್ ಕರೆಯುವಾಗ ಲೆಕ್ಕ ಮೈಕ್ರೋಸೆಕೆಂಡ್‌ನಲ್ಲಿ, ಡಿವೈಸ್ ಟ್ರೀಯಲ್ಲಿ ಮಿಲಿಸೆಕೆಂಡ್‌ನಲ್ಲಿ, ಅಣ್ಣಾ. ನನ್ನ ಮಾತು ಕೇಳಿದ್ದರೆ ಗೋದಾಮಿನವರು ಬಟನ್ ಒತ್ತಿ ಹಿಡಿದು 20 ಸೆಕೆಂಡ್ ಕಾಯಬೇಕಾಗುತ್ತಿತ್ತು.

ಆ ವಾರವೇ ಈ ಸತ್ತ ಟ್ಯಾಬ್ಲೆಟ್ ಕೇಳಿ ತಂದುಕೊಂಡೆ. ಈಗ ಬಟನ್ನಿನ ಕೋಡ್ ಬಂದರೆ ಎಡಗೈಯಲ್ಲಿ ಇದು, ಬಲಗೈಯಲ್ಲಿ ಮೌಸ್. ಉಗುರಿನಿಂದ ಅರ್ಧ ಒತ್ತುತ್ತೇನೆ. ವಾಲ್ಯೂಮ್ ಎರಡನ್ನೂ ಒಟ್ಟಿಗೆ ಹಿಡಿಯುತ್ತೇನೆ. ಒತ್ತಿ ಬಿಡದೆ ಕೂರುತ್ತೇನೆ. ಪ್ರತಿ ಸಲವೂ ಬೆರಳು ಮಾಡಿದ್ದು ಕೋಡಿನ ಯಾವ ಸಾಲಿಗೆ ಹೋಗಿ ಮುಟ್ಟುತ್ತದೆ ಅಂತ ಹುಡುಕುವುದು. ಕ್ಯಾಂಟೀನಿಗೆ ಹೋಗುವವರು ನೋಡಿ ನಗುತ್ತಾರೆ. ಟ್ಯಾಬ್, ಸ್ಪೇಸ್ ಎಲ್ಲಾ ಸ್ಕ್ರಿಪ್ಟಿಗೆ ಬಿಟ್ಟಿದ್ದೇನೆ.

ಹೋದ ವಾರ ನಾನು ಬರೆದ ಒಂದು ಪ್ಯಾಚ್ ರಿವ್ಯೂಗೆ ಅವಳ ಹತ್ತಿರ ಹೋಗಿತ್ತು. ಒಂದೇ ಒಂದು ಕಾಮೆಂಟ್ ಬಂತು: "ಬಟನ್ ಹಿಡಿದಿರುವಾಗಲೇ ಟ್ಯಾಬ್ಲೆಟ್ ಮಲಗಿದರೆ, ಮಲಗಿದ್ದಾಗಲೇ ಬೆರಳು ತೆಗೆದರೆ, ಎದ್ದ ಮೇಲೆ ಬಟನ್ ಒತ್ತಿದ ಹಾಗೇ ಉಳಿಯುತ್ತಲ್ಲ ಅಣ್ಣಾ?"

ಉಳಿಯುತ್ತಿತ್ತು. ಅದೇ ಪ್ಯಾಚಿನಲ್ಲಿ ಒಂದು ಸಾಲು 110 ಅಕ್ಷರ ಇತ್ತು. ಅದಕ್ಕೆ ಅವಳು ಏನೂ ಅಂದಿರಲಿಲ್ಲ.