ಸೊಂಟ ಹಿಡಿದ ಮಾರ್ಚ್

ಲೆಕ್ಕದ ಕೆಲಸ ಮಾಡುವವರಿಗೆ ಮಾರ್ಚ್ ಕೊನೆಯ ವಾರ ಎಂದರೆ ಏನು ಅಂತ ಹೇಳಬೇಕಾಗಿಲ್ಲ. 31ಕ್ಕೆ ವರ್ಷದ ಲೆಕ್ಕ ಮುಗಿಯಬೇಕು. ಆ ದಿನ 28. ಮಂಗಳೂರಿನ ಹಂಪನಕಟ್ಟೆಯ ಆಫೀಸಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಕೂತವಳು ಮನೆಗೆ ಹೊರಟದ್ದು ಸಂಜೆ ಏಳಕ್ಕೆ. ಮಧ್ಯೆ ಎದ್ದದ್ದು ಎರಡೇ ಸಲ. ಮತ್ತೆ ಮತ್ತೆ ಏಳಬೇಕಾಗುತ್ತದೆ ಅಂತ ನೀರನ್ನೂ ಸರಿಯಾಗಿ ಕುಡಿದಿರಲಿಲ್ಲ.

ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಬಸ್ಸು ಹತ್ತಿದೆ. ಸೀಟು ಸಿಕ್ಕಿತು, ಮತ್ತೆ ಕೂತೆ. ನೇತ್ರಾವತಿ ಸೇತುವೆ ದಾಟಿ ತೊಕ್ಕೊಟ್ಟಿನಲ್ಲಿ ಇಳಿಯಲು ಎದ್ದಾಗ ಸೊಂಟ ಹಿಡಿಯಿತು. ನೆಟ್ಟಗಾಗಲು ಆಗಲಿಲ್ಲ. ಕಂಬಿ ಹಿಡಿದು ಅಲ್ಲೇ ನಿಂತೆ. "ಬೇಗ ಬೇಗ" ಅನ್ನುತ್ತಿದ್ದ ಕಂಡಕ್ಟರ್ ನನ್ನ ಮುಖ ನೋಡಿ ಸುಮ್ಮನಾದರು. "ನಿಧಾನ ಇಳೀರಿ ಅಕ್ಕ" ಅಂತ ಕೈ ಕೊಟ್ಟರು.

ಅಮ್ಮ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದರು. ನಾನು ಗೋಡೆ ಹಿಡಿದು ಬರುವುದನ್ನು ನೋಡಿ ತೊಡೆಯ ಮೇಲಿನ ತಡ್ಪೆ (ಮೊರ) ಬದಿಗಿಟ್ಟು ಎದ್ದರು. ಆ ರಾತ್ರಿ ಎಣ್ಣೆ ಹಚ್ಚಿದರು, ಬಿಸಿನೀರಿನ ಚೀಲ ಇಟ್ಟರು. ಬಿಸಿಗೆ ನಿಜವಾಗಿಯೂ ಸ್ವಲ್ಪ ಹಾಯೆನಿಸಿತು.

ನಂತರ ನಾನು ಮಾಡಿದ್ದು ತಪ್ಪು. ಎರಡು ದಿನ ಮಲಗಿಯೇ ಇದ್ದೆ. ಸೊಂಟ ನೋವು ಅಂದರೆ ಅಲುಗಾಡಬಾರದು ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ನಾನೂ ಹಾಗೇ ನಂಬಿದ್ದೆ. ಎರಡನೇ ದಿನ ಸಂಜೆ ಬಚ್ಚಲಿಗೆ ಹೋಗಲು ಏಳುವಾಗ ನೋವು ಮೊದಲ ದಿನಕ್ಕಿಂತ ಜಾಸ್ತಿ ಇತ್ತು. ಮೈಯೆಲ್ಲ ಮರದ ಹಲಗೆಯ ಹಾಗಾಗಿತ್ತು.

ಮೂರನೇ ದಿನ ಆಸ್ಪತ್ರೆಗೆ ಹೋದೆವು. ಅಲ್ಲಿ ನನ್ನನ್ನು ನೋಡಿದ ಫಿಸಿಯೋಥೆರಪಿ ಮೇಡಂಗೆ ನನಗಿಂತ ವಯಸ್ಸು ಕಡಿಮೆ. ಮೊದಲು ತುಂಬ ಪ್ರಶ್ನೆ ಕೇಳಿದರು. ನೋವು ಮೊಣಕಾಲಿನ ಕೆಳಗೆ ಇಳಿಯುತ್ತದಾ? ಕಾಲಿನಲ್ಲಿ ಜೋಮು, ಶಕ್ತಿ ಕಡಿಮೆ ಆದ ಹಾಗೆ ಇದೆಯಾ? ತೊಡೆ ಸಂದಿಯಲ್ಲಿ ಮರಗಟ್ಟಿದೆಯಾ? ಮೂತ್ರ ಹೋಗಲು, ತಡೆಯಲು ಕಷ್ಟವಾ? ಜ್ವರ ಇದೆಯಾ, ಬಿದ್ದಿದ್ದೀರಾ, ತೂಕ ಇಳಿದಿದೆಯಾ? ಎಲ್ಲಕ್ಕೂ ಇಲ್ಲ ಅಂದೆ. ಒಂದಕ್ಕೆ ಹೌದು ಅಂದಿದ್ದರೂ ದಾರಿಯೇ ಬೇರೆ, ತಡಮಾಡದೆ ಡಾಕ್ಟರಿಗೆ ತೋರಿಸಬೇಕು ಅಂದರು. ಮೂತ್ರದ ತೊಂದರೆ, ತೊಡೆ ಸಂದಿಯ ಮರಗಟ್ಟುವಿಕೆ ಇದ್ದರಂತೂ ಅದೇ ದಿನ. ಇದನ್ನು ಓದುವವರು ಬೇರೆ ಏನು ಮರೆತರೂ ಇದೊಂದನ್ನು ಮರೆಯಬೇಡಿ.

ಎಂ.ಆರ್.ಐ. ಬೇಡವಾ ಅಂತ ಅಮ್ಮ ಕೇಳಿದರು. ಈಗ ಬೇಡ ಅಂದರು. ಯಾಕೆ ಅಂತ ನಾನು ಆಮೇಲೆ ಓದಿ ತಿಳಿದುಕೊಂಡೆ. ನೋವೇ ಇಲ್ಲದವರ ಸ್ಕ್ಯಾನಿಂಗ್‌ಗಳನ್ನು ಒಟ್ಟುಮಾಡಿ ನೋಡಿದ ಅಧ್ಯಯನ 2015ರಲ್ಲಿ ಬಂದಿದೆ. ಅದರ ಪ್ರಕಾರ 20 ವರ್ಷದವರಲ್ಲೇ ನೂರಕ್ಕೆ 37 ಮಂದಿಗೆ ಬೆನ್ನಿನ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಸವೆದದ್ದು ಕಾಣುತ್ತದೆ. 80ರವರಲ್ಲಿ ನೂರಕ್ಕೆ 96. ಅಂದರೆ ರಿಪೋರ್ಟಿನಲ್ಲಿ ಸವೆತ ಕಂಡ ಮಾತ್ರಕ್ಕೆ ನೋವು ಅದರಿಂದಲೇ ಅಂತ ಹೇಳಲಾಗುವುದಿಲ್ಲ. ಸುಮ್ನೆ ಹೆದರಿಕೆ ಜಾಸ್ತಿ ಆಗುತ್ತದೆ ಅಷ್ಟೆ.

ನನ್ನ ಕುರ್ಚಿ ಎಂಥದ್ದು ಅಂತ ಕೇಳಬಹುದು ಅಂದುಕೊಂಡಿದ್ದೆ. ಅವರು ಕೇಳಿದ್ದು, "ದಿನಕ್ಕೆ ಎಷ್ಟು ಸಲ ಏಳ್ತೀರಿ?"

ಎರಡು ಸಲ ಅಂದೆ. ಅವರು ಬೈಯಲಿಲ್ಲ. ಡಿಸ್ಕಿಗೆ ನೇರವಾಗಿ ರಕ್ತ ಹೋಗುವುದು ತೀರಾ ಕಡಿಮೆ, ಸುತ್ತಲಿನಿಂದ ಒಸರಿ ಬರುವುದೇ ಅದಕ್ಕೆ ಆಹಾರ, ಬೆನ್ನು ಅಲುಗಾಡುತ್ತಿದ್ದರೆ ಒಳ್ಳೆಯದು ಅಂತ ವಿವರಿಸಿದರು. ಎಷ್ಟೇ ನೆಟ್ಟಗೆ ಕೂತರೂ ಹತ್ತು ಗಂಟೆ ಕೂತರೆ ಸ್ನಾಯು ಸೋಲುತ್ತದೆ. ಅರ್ಧ ಗಂಟೆಗೊಮ್ಮೆ ಏಳಿ, ಒಂದೆರಡು ನಿಮಿಷ ಸಾಕು ಅಂದರು. ಮಲಗಿಸಿ ಮೂರು ವ್ಯಾಯಾಮ ಕಲಿಸಿದರು. ಮೊಣಕಾಲನ್ನು ಎದೆಗೆ ಎಳೆದುಕೊಳ್ಳುವುದು, ಕಾಲು ಮಡಚಿ ಮಲಗಿ ಸೊಂಟ ಎತ್ತುವುದು, ಬೋರಲು ಮಲಗಿ ಮೊಣಕೈ ಊರಿ ಎದೆ ಎತ್ತುವುದು. ಅದು ನನ್ನನ್ನು ಪರೀಕ್ಷೆ ಮಾಡಿ ನನಗೆ ಹೇಳಿದ್ದು. ಎಲ್ಲರಿಗೂ ಇವೇ ಸರಿ ಅಂತ ಅಲ್ಲ. ಅವತ್ತೇ ಸಂಜೆ ಅಂಗಳದಲ್ಲಿ ಹತ್ತು ನಿಮಿಷ ನಡೆದೆ. ನೋವಿತ್ತು, ಆದರೂ ನಡೆದೆ. ವಾರದೊಳಗೆ ಬಸ್ಸು ಹತ್ತಿದೆ. ಪೂರ್ತಿ ಹೋಗಲು ಐದು ವಾರ ಹಿಡಿಯಿತು.

ಆಫೀಸಿನ ಮೇಜಿನಲ್ಲಿ ಮಾಡಿದ ಬದಲಾವಣೆಗೆ ಹೆಚ್ಚು ಖರ್ಚಾಗಲಿಲ್ಲ. ಎರಡು ಹಳೆಯ ಲೆಜರ್ ಪುಸ್ತಕಗಳ ಮೇಲೆ ಲ್ಯಾಪ್‌ಟಾಪ್ ಇಟ್ಟೆ, ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬಂತು. ಬೇರೆ ಕೀಬೋರ್ಡ್, ಮೌಸ್ ತೆಗೆದುಕೊಂಡೆ. ನಾನು ಸ್ವಲ್ಪ ಗಿಡ್ಡ, ಕುರ್ಚಿಯಲ್ಲಿ ಕೂತರೆ ಪಾದ ನೆಲಕ್ಕೆ ಪೂರ್ತಿ ತಾಗುತ್ತಿರಲಿಲ್ಲ. ಮನೆಯಿಂದ ಒಂದು ಮಣೆ ತಂದು ಕಾಲ ಕೆಳಗೆ ಇಟ್ಟೆ. ಸೊಂಟದ ಹಿಂದೆ ಸುರುಳಿ ಸುತ್ತಿದ ಬೈರಾಸು (ಟವೆಲು). ನೀರಿಗೆ ಮಾತ್ರ ದೊಡ್ಡ ಬಾಟಲಿ ಇಟ್ಟುಕೊಳ್ಳುವುದಿಲ್ಲ. ಸಣ್ಣ ಲೋಟ, ಮುಗಿದರೆ ಏಳಲೇಬೇಕು.

ಆದರೆ ಮಲಗಿದ್ದ ಆ ಎರಡು ದಿನ ನಾನು ಬೇರೊಂದನ್ನೂ ನೋಡಿದೆ. ಬಾಗಿಲು ತೆರೆದಿದ್ದರೆ ಕೋಣೆಯಿಂದ ಜಗಲಿ ಕಾಣುತ್ತದೆ. ಅಮ್ಮ ಎಲೆ ಕತ್ತರಿಸುವುದು, ಹೊಗೆಸೊಪ್ಪು ಹಾಕಿ ಸುರುಟುವುದು, ನೂಲು ಸುತ್ತುವುದು. ಕಾಲು ಮಡಚಿ, ಕತ್ತು ಬಗ್ಗಿಸಿ, ಗಂಟೆಗಟ್ಟಲೆ. ಎದ್ದಾಗಲೆಲ್ಲ ಒಂದು ಕೈ ಸೊಂಟದ ಮೇಲೆ. ಆ ಬೀಡಿಯ ದುಡ್ಡಿನಲ್ಲೇ ನಾನು ಬಿ.ಕಾಂ. ಓದಿದ್ದು. ಚಿಕ್ಕಂದಿನಿಂದ ಆ ಕೈಯನ್ನು ನೋಡಿದ್ದೇನೆ. ಅಮ್ಮ ಏಳುವ ರೀತಿಯೇ ಹಾಗೆ ಅಂತ ತಿಳಿದಿದ್ದೆ. ಅದು ನೋವು ಅಂತ ಗೊತ್ತಾಗಲು ನನ್ನ ಸೊಂಟವೇ ಹಿಡಿಯಬೇಕಾಯಿತು.

ಎತ್ತರದ ಮೇಜು, ಕುರ್ಚಿ ತಂದುಕೊಡುತ್ತೇನೆ ಅಂದೆ. "ತಡ್ಪೆ ತೊಡೆ ಮೇಲೆ ಇಲ್ಲದಿದ್ರೆ ಕೈ ಓಡುವುದಿಲ್ಲ ಮಗಾ" ಅಂದರು. ಕಟ್ಟಿದ ಲೆಕ್ಕಕ್ಕೆ ಸಂಬಳ, ಕೈ ನಿಧಾನವಾದರೆ ಬೀಡಿ ಕಂಪನಿಯ ಬ್ರಾಂಚಿಗೆ ಕೊಡುವ ಬೀಡಿ ಕಡಿಮೆಯಾಗುತ್ತದೆ. ಅವರ ಮಾತಿನಲ್ಲಿ ಸುಳ್ಳಿಲ್ಲ. ಗೋಡೆಗೆ ಒರಗಿ ಕೂರಲು, ಬೆನ್ನಿಗೆ ದಿಂಬು ಇಡಲು, ಆಗಾಗ ಒಂದು ಕಾಲು ಚಾಚಲು ಒಪ್ಪಿದರು. ಮಧ್ಯೆ ಮಧ್ಯೆ ಏಳಲು ಮಾತ್ರ ಮರೆಯುತ್ತಾರೆ.

ಈಗ ಅವರ ಫೋನು ಒಳಗಿನ ಕೋಣೆಯ ಕಪಾಟಿನ ಮೇಲೆ ಇರುತ್ತದೆ. ಜಗಲಿಗೆ ತರಬಾರದು ಅಂತ ನಮ್ಮಲ್ಲಿ ಮಾತಾಗಿದೆ. ಹನ್ನೊಂದಕ್ಕೆ ಒಮ್ಮೆ, ಮೂರಕ್ಕೆ ಒಮ್ಮೆ ನಾನು ಫೋನ್ ಮಾಡುತ್ತೇನೆ. ಮಾಡಲು ಆಫೀಸಿನ ವರಾಂಡಕ್ಕೆ ಬಂದು ನಿಲ್ಲುತ್ತೇನೆ. ಏಳೆಂಟು ರಿಂಗ್ ಆಗುತ್ತದೆ. ಅಷ್ಟರಲ್ಲಿ ಅಮ್ಮ ತಡ್ಪೆ ಇಳಿಸಿ, ಎದ್ದು, ಒಳಗೆ ನಡೆದು ಬರಬೇಕು. "ಎಂತ ಮಗಾ?" ಅಂತಾರೆ. "ಎಂತ ಇಲ್ಲ, ಸ್ವಲ್ಪ ನಡೀರಿ" ಅಂತೇನೆ.