ಕೇಳಿಸುವಂತೆ ಒಂದು ‘ಖೋ’

ಹಾಜರಿ ಕರೆದಾಗ ಆ ಹುಡುಗಿ ಕೈಯೆತ್ತುತ್ತಿದ್ದಳೇ ಹೊರತು ಬಾಯಿ ತೆರೆಯುತ್ತಿರಲಿಲ್ಲ. ಮೈಸೂರು ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವ ನಾನು, ಸಂಕೋಚ ಬಿಡಿಸಬೇಕೆಂದು ಒಂದು ದಿನ ಅವಳನ್ನು ನಿಲ್ಲಿಸಿ ಪದ್ಯ ಓದಿಸಲು ಹೋಗಿ, ಇಡೀ ತರಗತಿಯೆದುರು ಅಳಿಸಿಬಿಟ್ಟೆ. ಆ ತಪ್ಪು ಇಂದಿಗೂ ಚುಚ್ಚುತ್ತದೆ.

ಅವಳನ್ನು ಖೋ-ಖೋ ತಂಡಕ್ಕೆ ಸೇರಿಸಿದವರು ನಮ್ಮ ದೈಹಿಕ ಶಿಕ್ಷಕರು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ನಮ್ಮದೇ ಜಿಲ್ಲೆಯ ಕುರುಬೂರಿನ ಚೈತ್ರಾ ಇದ್ದುದರಿಂದ, ಆ ವರ್ಷ ಮೈದಾನಕ್ಕಿಳಿಯುವ ಹುಡುಗಿಯರಿಗೆ ಕೊರತೆಯಿರಲಿಲ್ಲ. ಅಟ್ಟುವ ತಂಡದ ಎಂಟು ಜನ ಒಬ್ಬರು ಆ ಕಡೆಗೆ, ಇನ್ನೊಬ್ಬರು ಈ ಕಡೆಗೆ ಮುಖಮಾಡಿ ಸಾಲಾಗಿ ಕುಳಿತಿರುತ್ತಾರೆ. ಬೆನ್ನ ಹಿಂದೆ ಬಂದವಳು ಮುಟ್ಟಿ ‘ಖೋ’ ಎಂದರೆ ಮಾತ್ರ ಎದ್ದು ಓಡಬಹುದು. ಅದು ಗಟ್ಟಿಯಾಗಿ ಕೇಳಿಸದಿದ್ದರೆ ಫೌಲ್. ಮೊದಲ ವಾರವೆಲ್ಲ ಅವಳ ‘ಖೋ’ ಗಂಟಲಲ್ಲೇ ಉಳಿಯಿತು. ‘ನೀನು ಕೂಗ್ದಿದ್ರೆ ನಾನು ಹೇಗೆ ಏಳ್ಲೇ?’ ಎಂದು ಗೆಳತಿಯರು ಪೀಡಿಸುತ್ತಿದ್ದರು. ಅದು ಬೈಗುಳವಾಗಿರಲಿಲ್ಲ, ಅವಳ ದನಿ ಅವರಿಗೆ ನಿಜವಾಗಿ ಬೇಕಿತ್ತು. ನನ್ನ ತರಗತಿಯಲ್ಲಿ ಹಾಗೆ ಅವಳ ದನಿಗಾಗಿ ಯಾರೂ ಕಾದಿರಲಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಆ ಕೂಗು ಸ್ಟಾಫ್ ರೂಮಿನವರೆಗೂ ಬರತೊಡಗಿತು.

ಹೋಬಳಿ ಮಟ್ಟದ ಕ್ರೀಡಾಕೂಟದ ದಿನ ನಾಯಕಿಗೆ ಜ್ವರ ಬಂತು. ತಂಡದವರೇ ಇವಳ ಹೆಸರು ಹೇಳಿದರು. ಯಾರು ಎಡಕ್ಕೇ ತಿರುಗುತ್ತಾರೆ, ಯಾರಿಗೆ ಬೇಗ ಏದುಸಿರು ಬರುತ್ತದೆ ಎಂಬುದನ್ನೆಲ್ಲ ಮಾತಿಲ್ಲದೆ ಗಮನಿಸಿಟ್ಟುಕೊಂಡವಳು ಇವಳೊಬ್ಬಳೇ. ಟಾಸ್ ಗೆದ್ದಾಗ ಅವಳು ನನ್ನತ್ತ ನೋಡಿದಳು. ಉತ್ತರ ಹೇಳಿಕೊಡಬಾರದೆಂದು ನಾನು ಕಷ್ಟಪಟ್ಟು ಮುಖ ತಿರುಗಿಸಿದೆ. ‘ಚೇಸಿಂಗ್ ತಗೋತೀವಿ ಸರ್’ ಎಂಬುದು ಕೇಳಿಸಿತು.

ಓಡುವ ಸರದಿಯಲ್ಲಿ ಮೂವರಂತೆ ಅಂಕಣಕ್ಕಿಳಿಯಬೇಕು. ಮೊದಲ ಇನ್ನಿಂಗ್ಸ್‌ನಲ್ಲಿ ಕ್ಷಣಾರ್ಧದಲ್ಲಿ ಔಟಾಗಿ ಅಳುತ್ತಿದ್ದ ಎಂಟನೇ ತರಗತಿಯವಳನ್ನು ಕೈಬಿಡೋಣವೆಂದು ಉಳಿದವರು ಪಟ್ಟು ಹಿಡಿದರು. ‘ಬೇಡ, ಅವಳು ನನ್ನ ಬ್ಯಾಚಲ್ಲೇ ಬರ್ಲಿ. ಕಂಬದ ಹತ್ರ ನಾನಿರ್ತೀನಿ, ನೀನು ನನ್ನನ್ನೇ ನೋಡ್ಕೊಂಡು ಓಡು’ ಎಂದು ಇವಳು ಅವಳ ಕೈ ಹಿಡಿದೆಬ್ಬಿಸಿದಳು. ಆ ಚಿಕ್ಕವಳು ಈ ಬಾರಿ ಎರಡು ನಿಮಿಷಕ್ಕೂ ಮೀರಿ ಸಿಗದೆ ಓಡಿದಳು. ಆದರೂ ನಾವು ಎರಡು ಅಂಕಗಳಿಂದ ಸೋತೆವು.

ಹಿಂದಿರುಗುವ ಬಸ್ಸಿನಲ್ಲಿ ಅವಳು ನನ್ನ ಸೀಟಿನ ಬಳಿ ಬಂದು ನಿಂತಳು. ‘ನಾಳೆ ಭಾನುವಾರ ಮಿಸ್, ಶಾಲೆ ಗೇಟಿನ ಬೀಗ ತೆಗೆಸ್ತೀರಾ? ಪ್ರಾಕ್ಟೀಸ್ ಮಾಡ್ಬೇಕು.’ ತಾನಾಗಿ ಅವಳು ನನ್ನಲ್ಲಿ ಕೇಳಿದ ಮೊದಲ ಮಾತು ಅದು.