ಹಳೇ ಡೀಸೆಲ್ ಕಾರು ಕೊಟ್ಟು ಏನು ತಗೊಳ್ಳಲಿ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

"ಗುರುವೇ, 2014ರ ಡೀಸೆಲ್ ಸ್ವಿಫ್ಟ್ ಇದೆ. ಇದನ್ನ ಕೊಟ್ಟು ಯಾವ ಕಾರು ತಗೊಳ್ಳಲಿ? ಓಡಿಸೋಕೆ ಮಜಾ ಇರ್ಬೇಕು, ಮನೆಯವರಿಗೆಲ್ಲ ಆಗ್ಬೇಕು, ಖರ್ಚು ಜಾಸ್ತಿ ಬರ್ಬಾರ್ದು."

ಕಾರಿನ ಹೆಸರು ಬದಲಾಗುತ್ತದೆ. ಒಮ್ಮೆ ಪೋಲೊ, ಒಮ್ಮೆ ಫಿಗೊ, ಅಪರೂಪಕ್ಕೆ ಪುಂಟೊ. ಪ್ರಶ್ನೆ ಮಾತ್ರ ಅದೇ. ಮದುವೆ ಮನೆ ಪಂಕ್ತಿಯಲ್ಲಿ ಪಕ್ಕ ಕೂತವರು ಕೇಳುತ್ತಾರೆ, ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್‌ನಲ್ಲೂ ಕೇಳುತ್ತಾರೆ. ಹಾಸನದಲ್ಲಿ ಕಾರಿನ ಹುಚ್ಚಿರುವವನು ಅಂತ ಒಂದು ಸಲ ಹೆಸರು ಬಿದ್ದರೆ ಮುಗೀತು. ಇನ್ನು ಮೇಲೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಇಷ್ಟು ಜನಕ್ಕೆ ಒಂದೇ ತಲೆನೋವು ಬಂದಿರುವುದಕ್ಕೆ ಕಾರಣ ಇದೆ. ಆ ಹಳೇ ಸ್ವಿಫ್ಟ್‌ನಲ್ಲಿ ಇರೋದು ಫಿಯಟ್‌ನವರ 1.3 ಲೀಟರ್ ಮಲ್ಟಿಜೆಟ್ ಎಂಜಿನ್. 75 ಪಿಎಸ್ ಶಕ್ತಿ, 190 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಳೆಯುವ ಬಲ. ಸ್ವಿಫ್ಟ್, ಡಿಸೈರ್, ರಿಟ್ಜ್, ಪುಂಟೊ, ಇಂಡಿಕಾ ವಿಸ್ಟಾ ಎಲ್ಲದರಲ್ಲೂ ಅದೇ ಕುಟುಂಬದ ಎಂಜಿನ್. 'ರಾಷ್ಟ್ರೀಯ ಎಂಜಿನ್' ಅಂತ ಅಡ್ಡಹೆಸರೇ ಇತ್ತು. 2020ರ ಏಪ್ರಿಲ್‌ನಲ್ಲಿ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಬಂತು. ಸಣ್ಣ ಕಾರಿನ ಡೀಸೆಲ್ ಹೊಗೆಯನ್ನು ಅಷ್ಟು ಶುದ್ಧ ಮಾಡುವ ಸಾಮಾನು ಹಾಕಿದರೆ ಬೆಲೆ ಕೈಗೆ ಸಿಗುವುದಿಲ್ಲ. ಮಾರುತಿಯವರು ಡೀಸೆಲ್ಲನ್ನೇ ಬಿಟ್ಟರು. ಫೋಕ್ಸ್‌ವ್ಯಾಗನ್, ಸ್ಕೋಡಾದವರೂ ಸಣ್ಣ ಡೀಸೆಲ್ ನಿಲ್ಲಿಸಿದರು. 2021ರಲ್ಲಿ ಫೋರ್ಡ್‌ನವರು ಇಲ್ಲಿ ಕಾರು ಮಾಡುವುದನ್ನೇ ನಿಲ್ಲಿಸುವುದಾಗಿ ಹೇಳಿದರು. 2022ರಲ್ಲಿ ಪೋಲೊ ಹೋಯಿತು. ಕಡಿಮೆ ಖರ್ಚಲ್ಲಿ ಗಟ್ಟಿಯಾಗಿ ಓಡುವ ಸಣ್ಣ ಡೀಸೆಲ್ ಅನ್ನುವ ಜಾತಿಯೇ ಹೆಚ್ಚುಕಮ್ಮಿ ಅಳಿದುಹೋಯಿತು. ಇದ್ದ ಕಾರಿಗೆ ಸರಿಸಾಟಿ ಬದಲಿ ಶೋರೂಮಿನಲ್ಲಿ ಇಲ್ಲ. ಸೇಲ್ಸ್ ಹುಡುಗ ನೇರವಾಗಿ ಎತ್ತರದ ಎಸ್‌ಯುವಿ ಹತ್ತಿರ ಕರೆದುಕೊಂಡು ಹೋಗುತ್ತಾನೆ. "ಈಗ ಎಲ್ರೂ ಇದೇ ಸಾರ್ ತಗೊಳ್ಳೋದು."

ನನ್ನ ಉತ್ತರ ಅಲ್ಲೇ ಶುರುವಾಗುತ್ತದೆ. ಮಜಾ, ಅನುಕೂಲ, ಖರ್ಚು ಮೂರನ್ನೂ ತೂಗಿಸಬೇಕು ಅಂದರೆ ಎತ್ತರಕ್ಕೂ ತೂಕಕ್ಕೂ ದುಡ್ಡು ಕೊಡಬೇಡಿ. ಮೂರೂ ಒಂದಕ್ಕೊಂದು ಶತ್ರುಗಳು ಅಂತ ಜನ ಅಂದುಕೊಂಡಿದ್ದಾರೆ. ಹಗುರವಾದ, ತಗ್ಗಾದ ಕಾರಿನಲ್ಲಿ ಮೂರೂ ಸಲೀಸಾಗಿ ಹೊಂದಿಕೊಂಡಿರುತ್ತವೆ. ಕಾರು ಎತ್ತರ ಆದಷ್ಟೂ, ಭಾರ ಆದಷ್ಟೂ ಅವು ಜಗಳ ಶುರು ಮಾಡುತ್ತವೆ.

ಅದಕ್ಕೂ ಮೊದಲು ಒಂದು ಮಾತು. ಹಳೇ ಕಾರು ಈಗಲೇ ಕೊಡಲೇಬೇಕಾ? "ಹತ್ತು ವರ್ಷ ಆದ ಡೀಸೆಲ್ ಬ್ಯಾನ್ ಅಂತೆ" ಅಂತ ಹೆದರಿ ಮಾರಲು ಹೊರಟವರು ತುಂಬಾ ಜನ. ಆ ಹತ್ತು ವರ್ಷದ ನಿಯಮ ಇರೋದು ದೆಹಲಿ ಮತ್ತು ಸುತ್ತಮುತ್ತಲ ಪ್ರದೇಶಕ್ಕೆ. ನಮ್ಮಲ್ಲಿ ನೋಂದಣಿ ಹದಿನೈದು ವರ್ಷ. ಆಮೇಲೆ ಎಫ್‌ಸಿ ಮಾಡಿಸಿ ಐದೈದು ವರ್ಷ ಮುಂದುವರಿಸಬಹುದು. ಎಂಜಿನ್ ಗಟ್ಟಿ ಇದ್ದರೆ ಕ್ಲಚ್, ಶಾಕ್ ಅಬ್ಸಾರ್ಬರ್, ಸಸ್ಪೆನ್ಷನ್ ಬುಷ್, ನಾಲ್ಕು ಟೈರ್ ಹೊಸದು ಹಾಕಿಸಿ ನೋಡಿ. ಲಕ್ಷದೊಳಗೆ ಕೆಲಸ ಮುಗಿದು ಕಾರು ಮತ್ತೆ ಬಿಗಿಯಾಗುತ್ತದೆ. "ಮೊದಲಿನ ಹಾಗೆ ಇಲ್ಲ" ಅನ್ನುವವರ ಅರ್ಧ ದೂರು ಸವೆದ ಬುಷ್‌ಗಳದ್ದೇ. ಆದರೆ ಆ ಕಾಲದ ಕೆಳಗಿನ ವೇರಿಯಂಟ್‌ಗಳಲ್ಲಿ ಏರ್‌ಬ್ಯಾಗೇ ಇರಲಿಲ್ಲ. ನಿಮ್ಮದು ಅಂಥದ್ದಾಗಿದ್ದು, ಹಿಂದಿನ ಸೀಟಲ್ಲಿ ಮಕ್ಕಳು ಕೂರುತ್ತಾರೆ ಅಂದರೆ, ಬದಲಾಯಿಸಿ. ಅಲ್ಲಿ ನಾನು ಎರಡು ಮಾತಾಡುವುದಿಲ್ಲ.

ಸರಿ, ಬದಲಾಯಿಸುತ್ತೀರಿ ಅಂತಿಟ್ಟುಕೊಳ್ಳೋಣ. ಎಲ್ಲರೂ ಮೊದಲು ಕೇಳುವುದು "ಮೈಲೇಜ್ ಎಷ್ಟು?" ಅದೇ ತಪ್ಪು ಪ್ರಶ್ನೆ. ಒಂದು ಕಾರು ಲೀಟರಿಗೆ 16 ಕಿ.ಮೀ., ಇನ್ನೊಂದು 18 ಕೊಡುತ್ತದೆ ಅಂದುಕೊಳ್ಳಿ. ತಿಂಗಳಿಗೆ 600 ಕಿ.ಮೀ. ಓಡಿಸಿದರೆ ವರ್ಷಕ್ಕೆ ಒಂದಕ್ಕೆ 450 ಲೀಟರ್, ಇನ್ನೊಂದಕ್ಕೆ 400. ಪೆಟ್ರೋಲ್ 103 ರೂಪಾಯಿ ಲೆಕ್ಕ ಹಿಡಿದರೆ ವ್ಯತ್ಯಾಸ 5,150 ರೂಪಾಯಿ. ತಿಂಗಳಿಗೆ 430 ರೂಪಾಯಿ. ಮನೆಯವರೆಲ್ಲ ಒಂದು ಸಲ ಹೋಟೆಲಿಗೆ ಹೋಗಿ ದೋಸೆ ತಿಂದರೆ ಅದಕ್ಕಿಂತ ಜಾಸ್ತಿ ಆಗುತ್ತದೆ. ಇಷ್ಟಕ್ಕಾಗಿ ಇಷ್ಟವಿಲ್ಲದ ಕಾರನ್ನು ಎಂಟು ವರ್ಷ ಓಡಿಸುವವರನ್ನು ನೋಡಿದರೆ ಪಾಪ ಅನಿಸುತ್ತದೆ.

ನಿಜವಾದ ಖರ್ಚು ಕಾರಿನ ಬೆಲೆಯಲ್ಲೇ ಇದೆ. ಇನ್ಶೂರೆನ್ಸ್‌ನವರ ಐಡಿವಿ, ಅಂದರೆ ಕಾರಿಗೆ ಅವರು ಕಟ್ಟುವ ಬೆಲೆಯ ಪಟ್ಟಿ ನೋಡಿ. ಐದು ವರ್ಷ ತುಂಬುವ ಹೊತ್ತಿಗೆ ಬೆಲೆಯಲ್ಲಿ ಶೇ. 50 ಕಳೆದುಬಿಟ್ಟಿರುತ್ತಾರೆ. ಮಾರುಕಟ್ಟೆಯಲ್ಲಿ ಸ್ವಲ್ಪ ಆಚೆ ಈಚೆ ಆಗಬಹುದು. ಆದರೂ 10 ಲಕ್ಷದ ಕಾರಿನಲ್ಲಿ ಕರಗುವುದು 5 ಲಕ್ಷ, 16 ಲಕ್ಷದ್ದರಲ್ಲಿ 8 ಲಕ್ಷ. ಆ 3 ಲಕ್ಷದ ವ್ಯತ್ಯಾಸಕ್ಕೆ ಎಷ್ಟು ಪೆಟ್ರೋಲ್ ಬರುತ್ತದೆ, ನೀವೇ ಲೆಕ್ಕ ಹಾಕಿ. ದುಬಾರಿ ಕಾರಿಗೆ ಪ್ರೀಮಿಯಂ ಕೂಡ ಜಾಸ್ತಿ. 15 ಇಂಚಿನ ಟೈರಿಗಿಂತ 17 ಇಂಚಿನ ಟೈರಿಗೆ ಹೆಚ್ಚುಕಮ್ಮಿ ದುಪ್ಪಟ್ಟು ಕೊಡಬೇಕಾಗುತ್ತದೆ. ಗುಂಡಿಗೆ ಬಿದ್ದರೆ ಮೊದಲು ಉಬ್ಬುವುದೂ ಆ ತೆಳು ಗೋಡೆಯ ದೊಡ್ಡ ಟೈರೇ. ಟಾಪ್ ಎಂಡ್ ತಗೊಂಡರೆ ಆ ಚಕ್ರ ಕಡ್ಡಾಯ. ಹಾಗಾಗಿ ನಾನು ಮಧ್ಯದ ವೇರಿಯಂಟ್ ಕಡೆಯವನು.

ಇದರ ಜೊತೆ ನಮ್ಮ ರಾಜ್ಯದ್ದೇ ಒಂದು ವಿಶೇಷ, ರೋಡ್ ಟ್ಯಾಕ್ಸ್. ಪೆಟ್ರೋಲ್ ಡೀಸೆಲ್ ಕಾರಿಗೆ 5ರಿಂದ 10 ಲಕ್ಷದವರೆಗೆ ಶೇ. 14, 10 ದಾಟಿ 20 ಲಕ್ಷದವರೆಗೆ ಶೇ. 17. ಸೆಸ್ ಬೇರೆ. ಇದು ದಾಟಿದ ಭಾಗಕ್ಕೆ ಮಾತ್ರ ಅಲ್ಲ, ಪೂರ್ತಿ ಬೆಲೆಗೆ. 9.9 ಲಕ್ಷದ ಕಾರಿಗೆ 1,38,600 ರೂಪಾಯಿ. ಸನ್‌ರೂಫ್ ಆಸೆಗೆ 10.1 ಲಕ್ಷದ ವೇರಿಯಂಟ್‌ಗೆ ಹೋದಿರೋ, 1,71,700. ಬೆಲೆ ಏರಿದ್ದು 20 ಸಾವಿರ, ತೆರಿಗೆ ಏರಿದ್ದು 33 ಸಾವಿರ! ನಮ್ಮೂರ ಬಿಸಿಲಿಗೆ ಆ ಸನ್‌ರೂಫ್ ಮುಚ್ಚೇ ಇರುತ್ತದೆ, ಅದು ಬೇರೆ ಮಾತು.

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಕೂಡ ನನ್ನ ವಾದದ ಕಡೆಗೇ ವಾಲಿದೆ. ನಾಲ್ಕು ಮೀಟರ್ ಒಳಗಿನ, 1200 ಸಿಸಿ ದಾಟದ ಪೆಟ್ರೋಲ್ ಕಾರಿಗೆ ಶೇ. 18. ಉದ್ದ ಜಾಸ್ತಿಯಾದರೆ ಶೇ. 40.

ಇನ್ನು ಮಜಾ. ಜನ ಇದನ್ನು ಬಿಎಚ್‌ಪಿಯಲ್ಲಿ, ಅಂದರೆ ಎಂಜಿನ್ನಿನ ಶಕ್ತಿಯಲ್ಲಿ ಅಳೆಯುತ್ತಾರೆ. ನನಗೆ ಕಾರಿನ ಜಾತಕ ಗೊತ್ತಾಗುವುದು ಚಾರ್ಮಾಡಿ ಘಾಟಿಯಲ್ಲಿ. ಕೊಟ್ಟಿಗೆಹಾರದಿಂದ ಇಳಿಯುವಾಗ ಬ್ರೇಕ್, ಹತ್ತುವಾಗ ಎಂಜಿನ್. ಹತ್ತುವಾಗ ಹೇರ್‌ಪಿನ್ ತಿರುವಿನಲ್ಲಿ ಎರಡನೇ ಗೇರ್‌ನಲ್ಲಿ ಕಾರು ಏನು ಮಾಡುತ್ತದೆ ನೋಡಬೇಕು. ಈಗಿನ ಒಂದು ಲೀಟರಿನ ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬಿ ಶಕ್ತಿ ಹೆಚ್ಚಿಸುವ ಸಾಧನ) ಪೆಟ್ರೋಲ್‌ಗಳು ಸಪಾಟು ರಸ್ತೆಯಲ್ಲಿ ಹುಲಿ. ಆದರೆ ತಿರುವಿನಲ್ಲಿ ಆರ್‌ಪಿಎಂ 1500ಕ್ಕಿಂತ ಕೆಳಗೆ ಬಿದ್ದರೆ ಟರ್ಬೊ ಮಲಗಿಬಿಡುತ್ತದೆ. ಆಕ್ಸಿಲರೇಟರ್ ಒತ್ತಿದರೂ ಒಂದು ಕ್ಷಣ ಏನೂ ಇಲ್ಲ. ಹಿಂದೆ ಕೆಎಸ್‌ಆರ್‌ಟಿಸಿ ಬಸ್ ಹಾರ್ನ್ ಹೊಡೆಯುತ್ತಾ ಇರುತ್ತದೆ. ಆಮೇಲೆ ಕಾರು ಒಮ್ಮೆಲೇ ನುಗ್ಗುತ್ತದೆ. ಅಲ್ಲಿ ಮುಲಾಜಿಲ್ಲದೆ ಮೊದಲ ಗೇರ್‌ಗೆ ಇಳಿಸಬೇಕು. ಹಳೇ ಮಲ್ಟಿಜೆಟ್‌ಗೂ ಇದೇ ಚಾಳಿ ಇತ್ತು, 2000 ಆರ್‌ಪಿಎಂ ಕೆಳಗೆ ಅದೂ ನಿದ್ದೆಯೇ. ಹಾಗಾಗಿ ಡೀಸೆಲ್ ಸ್ವಿಫ್ಟ್ ಓಡಿಸಿ ಕೈ ಪಳಗಿದವರಿಗೆ ಟರ್ಬೊ ಪೆಟ್ರೋಲ್ ಹೊಸದಲ್ಲ. ಟರ್ಬೊ ಇಲ್ಲದ ಎಂಜಿನ್ ಇದಕ್ಕೆ ಉಲ್ಟಾ. ನಿಧಾನ, ಆದರೆ ಕಾಲು ಹೇಳಿದ ಹಾಗೆ ಕೇಳುತ್ತದೆ.

ಅದೇ ತಿರುವಿನಲ್ಲಿ ಎತ್ತರದ ಕಾರು ಪಕ್ಕಕ್ಕೆ ವಾಲುತ್ತದೆ. ಓಡಿಸುವವರಿಗೆ ಸ್ಟೀರಿಂಗ್ ಹಿಡಿತ ಇರುತ್ತದೆ, ಹಿಂದೆ ಕೂತವರಿಗೆ ವಾಂತಿ. ಮಜಾ ಅನ್ನೋದು ಓಡಿಸುವವನ ಸ್ವಾರ್ಥ ಅಂತ ಮನೆಯಲ್ಲಿ ಬೈಸಿಕೊಂಡವರಿಗೆ ಇದು ಒಳ್ಳೇ ವಾದ. ಕಡಿಮೆ ವಾಲುವ ಕಾರು ಹಿಂದೆ ಕೂತವರ ಹೊಟ್ಟೆಗೂ ಒಳ್ಳೆಯದು.

ಹೆಸರು ಹೇಳಿ ಅಂತೀರಿ, ಅಲ್ವಾ?

ನನ್ನ ಮೊದಲ ಆಯ್ಕೆ ಸ್ಕೋಡಾ ಸ್ಲಾವಿಯಾ ಅಥವಾ ಫೋಕ್ಸ್‌ವ್ಯಾಗನ್ ವರ್ಟಸ್. 1.0 ಲೀಟರ್, ಮ್ಯಾನ್ಯುಯಲ್, ಮಧ್ಯದ ವೇರಿಯಂಟ್. 115 ಪಿಎಸ್, 178 ನ್ಯೂಟನ್ ಮೀಟರ್. ಡಿಕ್ಕಿ 521 ಲೀಟರ್. ಊರಿಂದ ಬರುವಾಗ ತೆಂಗಿನಕಾಯಿ ಮೂಟೆ, ಅಕ್ಕಿ ಮೂಟೆ, ಎರಡು ಸೂಟ್‌ಕೇಸ್ ಹಾಕಿಯೂ ಜಾಗ ಉಳಿಯುತ್ತದೆ. ಗ್ಲೋಬಲ್ ಎನ್‌ಸಿಎಪಿಯ ಡಿಕ್ಕಿ ಸುರಕ್ಷತಾ ಪರೀಕ್ಷೆಯಲ್ಲಿ ಐದು ಸ್ಟಾರ್. "ಸೆಡಾನ್ ತಳ ತಾಗುತ್ತೆ" ಅಂತ ಎಲ್ಲರೂ ಹೆದರಿಸುತ್ತಾರೆ. ಇದರ ಗ್ರೌಂಡ್ ಕ್ಲಿಯರೆನ್ಸ್ 179 ಮಿ.ಮೀ., ಹೊಸ ಸ್ವಿಫ್ಟ್‌ನದು 163. ಆದರೂ ಚಕ್ರಗಳ ನಡುವಿನ ಅಂತರ ಜಾಸ್ತಿ ಇರುವುದರಿಂದ ಹಳ್ಳಿಯವರು ತಾವೇ ಸಿಮೆಂಟ್ ಹಾಕಿ ಕಟ್ಟಿದ ಚೂಪು ಹಂಪ್‌ಗಳಲ್ಲಿ ಐದು ಜನ ಕೂತಾಗ ಓರೆಯಾಗಿ ಹತ್ತಿಸಬೇಕು. ಉದ್ದ ನಾಲ್ಕೂವರೆ ಮೀಟರ್, ಹಾಗಾಗಿ ಆ ಶೇ. 40 ಜಿಎಸ್‌ಟಿ ಇದಕ್ಕೆ ತಗಲುತ್ತದೆ. ಎರಡು ಮೂರು ವರ್ಷ ಹಳೆಯದು ಸಿಕ್ಕಿದರೆ ಇನ್ನೂ ಒಳ್ಳೆಯದು. ಕರಗುವ ದುಡ್ಡನ್ನು ಮೊದಲಿನ ಮಾಲೀಕರು ಕೊಟ್ಟಾಗಿರುತ್ತದೆ.

ಅಷ್ಟು ಬಜೆಟ್ ಇಲ್ಲ, ಓಡಾಟ ಊರೊಳಗೇ ಜಾಸ್ತಿ ಅಂದರೆ ಹೊಸ ಸ್ವಿಫ್ಟ್. 2024ರಲ್ಲಿ ಬಂದ ಇದಕ್ಕೆ ಮೂರು ಸಿಲಿಂಡರ್, 82 ಪಿಎಸ್. ಕಾಗದದ ಮೇಲೆ ಸಪ್ಪೆ. ಆದರೆ ತೂಕ 900 ಕೆಜಿ ಆಸುಪಾಸು ಅಷ್ಟೇ, ಅದಕ್ಕೇ ಚುರುಕು. ಡಿಕ್ಕಿ 265 ಲೀಟರ್, ಅಲ್ಲಿ ಮೂಟೆ ಕನಸು ಕಾಣಬೇಡಿ. ಡಿಕ್ಕಿ ಬೇಕು ಅಂದರೆ ಅದೇ ಎಂಜಿನ್ನಿನ ಡಿಸೈರ್ ಇದೆ. 2024ರ ಹೊಸ ಡಿಸೈರ್‌ಗೆ ಗ್ಲೋಬಲ್ ಎನ್‌ಸಿಎಪಿ ಐದು ಸ್ಟಾರ್ ಕೊಟ್ಟಿದೆ. ಮದುವೆಯಾಗದ ಹುಡುಗರು ಹ್ಯುಂಡೈ ಐ20 ಎನ್ ಲೈನ್ ನೋಡಿ, 120 ಪಿಎಸ್. ಸಸ್ಪೆನ್ಷನ್ ಗಟ್ಟಿ, ಅಜ್ಜಿಯನ್ನು ಕೂರಿಸಬೇಡಿ.

ಅಜ್ಜಿ ಅಂದಾಗ ನನ್ನ ವಾದಕ್ಕೆ ಇರುವ ಒಂದೇ ದೊಡ್ಡ ತಡೆ ನೆನಪಾಯಿತು. ನಮ್ಮಮ್ಮನಿಗೆ ಮಂಡಿನೋವು. ತಗ್ಗಿನ ಕಾರಿಗೆ ಕೂರುವುದು ಕಷ್ಟವಲ್ಲ, ಇಳಿಯುವುದು. ಒಂದು ಕೈ ಬಾಗಿಲ ಮೇಲೆ, ಇನ್ನೊಂದು ಕೈ ನನ್ನ ಭುಜದ ಮೇಲೆ, ಸೀರೆ ನೆರಿಗೆ ಹೊಸ್ತಿಲಿಗೆ ಸಿಕ್ಕಿಕೊಂಡಿರುತ್ತದೆ. ಮನೆಯಲ್ಲಿ ಇಂಥವರಿದ್ದರೆ ಟೆಸ್ಟ್ ಡ್ರೈವ್‌ಗೆ ಅವರನ್ನೇ ಕರೆದುಕೊಂಡು ಹೋಗಿ. ಅವರಿಗೆ ಆಗದಿದ್ದರೆ ಸ್ವಲ್ಪ ಎತ್ತರ ತಗೊಳ್ಳಿ, ಆದರೆ ನಾಲ್ಕು ಮೀಟರ್ ಒಳಗೇ ಇರಿ. ಸ್ಕೋಡಾ ಕೈಲಾಕ್‌ನಲ್ಲಿ ಸ್ಲಾವಿಯಾದ್ದೇ ಒಂದು ಲೀಟರ್ ಎಂಜಿನ್ ಇದೆ, ಡಿಕ್ಕಿ 446 ಲೀಟರ್, ಭಾರತ್ ಎನ್‌ಸಿಎಪಿಯಲ್ಲಿ ಐದು ಸ್ಟಾರ್. ಎತ್ತರದ ಕಾರುಗಳಲ್ಲಿ ನನಗೆ ಕಡಿಮೆ ಬೇಜಾರು ಮಾಡುವುದು ಇದೇ.

ಕಾಫಿ ತೋಟದವರು ಇದನ್ನೆಲ್ಲ ಓದಿ ನಗುತ್ತಿರುತ್ತಾರೆ. ನಿಮ್ಮದು ಬೇರೆ ಲೋಕ, ನೀವು ಜೀಪೇ ತಗೊಳ್ಳಿ.

"ಡೀಸೆಲ್ಲೇ ಬೇಕು" ಅನ್ನುವವರಿಗೆ ಡೀಸೆಲ್ ಹ್ಯಾಚ್‌ಬ್ಯಾಕ್ ಅಂತ ಉಳಿದದ್ದು ಟಾಟಾ ಆಲ್ಟ್ರೋಜ್. ದಿನಾ ಹೆದ್ದಾರಿಯಲ್ಲಿ ಓಡಾಡುವವರಿಗೆ ಸರಿ. ಮಕ್ಕಳನ್ನು ಸ್ಕೂಲಿಗೆ ಬಿಟ್ಟು, ತರಕಾರಿ ತಂದು ನಿಲ್ಲಿಸುವವರಿಗೆ ಬೇಡ. ಬಿಎಸ್6 ಡೀಸೆಲ್‌ನಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಅನ್ನುವ ಜಾಲರಿ ಇರುತ್ತದೆ. ಅದರ ಮಸಿ ಸುಟ್ಟುಹೋಗಬೇಕಾದರೆ ಎಂಜಿನ್ ಬಿಸಿಯಾಗಿ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಬೇಕು. ಬರೀ ಎರಡು ಮೂರು ಕಿ.ಮೀ. ಓಡಾಟದಲ್ಲಿ ಅದು ಕಟ್ಟಿಕೊಳ್ಳುತ್ತದೆ.

ಬೆಂಗಳೂರಿನವರು ಆಟೋಮ್ಯಾಟಿಕ್ ಕೇಳುತ್ತಾರೆ, ಕೇಳಲಿ. ಸಿಲ್ಕ್ ಬೋರ್ಡ್ ಹತ್ತಿರ ಕ್ಲಚ್ ಒತ್ತುವುದರಲ್ಲಿ ಯಾವ ಮಜಾವೂ ಇಲ್ಲ. ಆದರೆ ಇಂಚಿಂಚೇ ಸರಿಯುವ ಟ್ರಾಫಿಕ್‌ಗೆ ಡ್ರೈ ಕ್ಲಚ್ ಡಿಎಸ್‌ಜಿಗಿಂತ (ಎರಡು ಕ್ಲಚ್ ಇರುವ ಗೇರ್‌ಬಾಕ್ಸ್) ಟಾರ್ಕ್ ಕನ್ವರ್ಟರ್ (ಎಣ್ಣೆಯ ಮೂಲಕ ಶಕ್ತಿ ದಾಟಿಸುವುದು) ವಾಸಿ, ಅದು ಅಷ್ಟು ಬಿಸಿಯಾಗುವುದಿಲ್ಲ. ಸ್ಲಾವಿಯಾ, ವರ್ಟಸ್ 1.0 ಲೀಟರ್‌ಗೆ ಬರುವ ಆಟೋಮ್ಯಾಟಿಕ್ ಟಾರ್ಕ್ ಕನ್ವರ್ಟರ್ರೇ. ಏಳು ಗೇರಿನ ಡಿಎಸ್‌ಜಿ ಇರುವುದು 1.5ರಲ್ಲಿ.

ಮನೆಯಲ್ಲಿ ಸ್ವಂತ ಪಾರ್ಕಿಂಗ್ ಇದ್ದು, ದಿನದ ಓಡಾಟ ಗೊತ್ತಿರುವಷ್ಟೇ ಆಗಿದ್ದರೆ ಎಲೆಕ್ಟ್ರಿಕ್ಕೂ ನೋಡಿ. ಸಿಗ್ನಲ್‌ನಲ್ಲಿ ಅದರ ಎಳೆತಕ್ಕೆ ಪೆಟ್ರೋಲ್ ಸಾಟಿಯಿಲ್ಲ. ಒಂದು ವಿಷಯ ಮಾತ್ರ ಶೋರೂಮಿನವರು ಹೇಳುವುದಿಲ್ಲ. ತಿಂಗಳಿಗೆ ಸಾವಿರ ಕಿ.ಮೀ. ಓಡಿದರೆ ಸಣ್ಣ ಇವಿಗೆ ಸುಮಾರು 140 ಯೂನಿಟ್ ಕರೆಂಟ್ ಬೇಕು. ಮನೆಯ ಬಳಕೆಗೆ ಇದು ಸೇರಿದರೆ ಗೃಹಜ್ಯೋತಿಯ 200 ಯೂನಿಟ್ ಮಿತಿ ದಾಟಬಹುದು, ದಾಟಿದರೆ ಪೂರ್ತಿ ಬಿಲ್ ಬರುತ್ತದೆ. ಕಾರಿಗೆ ಬೇರೆ ಮೀಟರ್ ಹಾಕಿಸುವ ದಾರಿಯನ್ನು ಮೊದಲೇ ವಿಚಾರಿಸಿ.

ಕೊನೆಗೆ ಹಳೇ ಕಾರು ಕೊಡುವಾಗಿನ ಮಾತು. ಎಕ್ಸ್‌ಚೇಂಜ್ ಬೋನಸ್ ಅಂತ ಶೋರೂಮಿನವರು ಮೇಲೆ ಕೊಟ್ಟದ್ದನ್ನು ನಿಮ್ಮ ಹಳೇ ಕಾರಿಗೆ ಕಟ್ಟುವ ಬೆಲೆಯಲ್ಲಿ ಕಮ್ಮಿ ಮಾಡಿರುತ್ತಾರೆ. ಹೊರಗಡೆ ಎರಡು ಕಡೆ ಬೆಲೆ ಕಟ್ಟಿಸಿ ಆಮೇಲೆ ಒಪ್ಪಿಕೊಳ್ಳಿ. ಕ್ಲೇಮ್ ಮಾಡದೆ ಉಳಿಸಿಕೊಂಡ ಎನ್‌ಸಿಬಿ (ನೋ ಕ್ಲೇಮ್ ಬೋನಸ್, ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಇದ್ದರೆ ಅದು ಕಾರಿನದಲ್ಲ, ನಿಮ್ಮದು. ಶೇ. 50ರವರೆಗೂ ಇರುತ್ತದೆ. ಮಾರುವಾಗ ಇನ್ಶೂರೆನ್ಸ್ ಕಂಪನಿಯಿಂದ ಎನ್‌ಸಿಬಿ ಪತ್ರ ಕೇಳಿ ಇಸ್ಕೊಂಡು ಹೊಸ ಕಾರಿನ ಪಾಲಿಸಿಗೆ ಹಾಕಿಸಿ. ಮೂರು ವರ್ಷದೊಳಗೆ ಬಳಸಬಹುದು. ಆರ್‌ಸಿ ಹೊಸಬರ ಹೆಸರಿಗೆ ಆಗುವವರೆಗೂ ಅವರ ಬೆನ್ನು ಬಿಡಬೇಡಿ. ಅವರು ಸಿಗ್ನಲ್ ಹಾರಿದರೆ ದಂಡದ ಮೆಸೇಜ್ ಬರುವುದು ನಿಮ್ಮ ಫೋನಿಗೆ.